ಮೊದಲೇ ಕೈ ತೊಳೆಯುತ್ತಿದ್ದ ಮಿಸ್ತ್ರಿ

ಊರ ಮಿಸ್ತ್ರಿಗಳೆಲ್ಲ ಕೆಲಸ ಮುಗಿದ ಮೇಲೆ ಕೈ ತೊಳೆದರೆ, ಗಂಗಾವತಿಯ ವಿರುಪಣ್ಣ ಮಿಸ್ತ್ರಿ ಬಾನೆಟ್ ಎತ್ತುವ ಮೊದಲೇ ಸಾಬೂನು ಹಚ್ಚಿ ಮೊಣಕೈವರೆಗೆ ತಿಕ್ಕಿಕೊಳ್ಳುತ್ತಿದ್ದರು. ಯಾಕೆಂದು ಕೇಳಿದವರಿಗೆ, "ಡಾಕ್ಟರು ಕೈ ತೊಳಕೊಳ್ದ ನಿಮ್ಮ ಹೊಟ್ಟಿ ಕೊಯ್ದ್ರ ಸುಮ್ನಿರ್ತೀರೇನ್ರಿ?" ಎನ್ನುತ್ತಿದ್ದರು. ಹೊಲಸು ಕಂಡರೆ ಅವರ ಮೂಗಿನ ಎಡಹೊಳ್ಳೆ ಮಾತ್ರ ಮೇಲೇರುತ್ತಿತ್ತು. ಅದನ್ನು ನೋಡಿಯೇ ಡ್ರೈವರುಗಳು ನಾಚಿಕೆಯಿಂದ ಅರ್ಧ ಇಳಿದುಹೋಗುತ್ತಿದ್ದರು.

ಆ ಹೊಳ್ಳೆ ನನಗಾಗಿಯೂ ಏರಿತು. ತಂಗಿಯ ಗಂಡ ಹೊಸ ಕಾರಿನಲ್ಲಿ ಕುಷ್ಟಗಿ ರಸ್ತೆಯಲ್ಲಿ ನನ್ನನ್ನು ಹಿಂದೆ ಹಾಕಿ, ಕೈ ಬೀಸಿ ಹೋಗಿದ್ದ. ನನ್ನ ಹಳೇ ಪೆಟ್ರೋಲ್ ಕಾರು ಏದುಸಿರು ಬಿಡುತ್ತಿತ್ತು. ನೇರ ಮಿಸ್ತ್ರಿಯ ಹತ್ತಿರ ಬಂದೆ.

"ಟರ್ಬೊ ಹಾಕಿಸ್ಲ್ಯೋ, ಸೂಪರ್‌ಚಾರ್ಜರ್ ಹಾಕಿಸ್ಲ್ಯೋ? ಹೇಳ್ರಿ ಮಿಸ್ತ್ರಿ."

"ಎರಡೂ ಎಂಜಿನ್ನಿಗೆ ಗಾಳಿ ತುರುಕೂವಽ ಶೆಟ್ರ. ಟರ್ಬೊ ಎಂಜಿನ್ ಹೊರಗ ಬಿಟ್ಟ ಹೊಗಿಯಿಂದ ತಿರಗತೈತಿ. ಸೂಪರ್‌ಚಾರ್ಜರ್ ಬೆಲ್ಟ್ ಹಾಕ್ಕೊಂಡು ಎಂಜಿನ್ ಹೆಗಲ ಮ್ಯಾಲ ಕುಂದರತೈತಿ. ಕಾಲಿಟ್ಟ ಕೂಡ್ಲೆ ಎಳೀತೈತಿ, ಪೆಟ್ರೋಲೂ ಭಾಳ ಕುಡೀತೈತಿ. ಅದಿರ್ಲಿ, ಈಗ ಎಂಥಾ ಗಾಳಿ ಕುಡಿಸಾಕತ್ತೀರಿ ನೋಡೂಣು."

ಕೈ ತೊಳೆದು ಏರ್ ಫಿಲ್ಟರಿನ ಡಬ್ಬಿ ತೆರೆದರು. ಒಳಗೆ ಇಲಿಯ ಗೂಡು. ಭತ್ತದ ಹೊಟ್ಟು, ಕೊಳೆತ ಚಿಂದಿ, ಹಿಕ್ಕೆ, ಒಣಗಿ ಅಂಟಿಕೊಂಡ ಒಂದು ಮರಿ. ನನ್ನ ಅಂಗಡಿ ಅಕ್ಕಿ ಮಿಲ್ಲಿನ ಪಕ್ಕ. ಕಾರು ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತಿತ್ತು. ಆ ವಾಸನೆಗೆ ನಾನು ಹಿಂದೆ ಸರಿದೆ.

"ಮೂಸ್ರಿ!" ಡಬ್ಬಿಯನ್ನು ನನ್ನ ಮೂಗಿಗೇ ಹಿಡಿದರು. "ಪಾಪ, ಅದು ಇದನ್ನಽ ಉಸಿರಾಡೈತಿ. ಥೂ! ಆರು ತಿಂಗಳು ಈ ಡಬ್ಬಿ ಸ್ವಚ್ಛ ಇಟ್ಟು ತಂದು ತೋರಿಸ್ರಿ. ಆಮ್ಯಾಲ ಯಾವುದಂತ ಹೇಳಿ, ನಾನಽ ಕೂಡಸ್ತೀನಿ."

ಹೊಸ ಫಿಲ್ಟರ್ ಬಿದ್ದ ಮೇಲೆ ಕಾರು ಹುರುಪಿನಿಂದಲೇ ಓಡಿತು. ಆದರೆ ಬೀಸಿದ ಆ ಕೈ ನನ್ನ ಕಣ್ಣ ಮುಂದಿತ್ತು. ಮೂರೇ ತಿಂಗಳಿಗೆ, ಮಿಸ್ತ್ರಿಗೆ ತಿಳಿಯದಂತೆ, ಬೇರೆ ಊರಲ್ಲಿ ಟರ್ಬೊ ಹಾಕಿಸಿದೆ. ಗಾಳಿ ಜೋರಾಗಿ ನುಗ್ಗಲೆಂದು ಅಲ್ಲಿಯವನು ಫಿಲ್ಟರಿನ ಡಬ್ಬಿಯನ್ನೇ ಕಿತ್ತ. ನಾನು ಹೂಂ ಅಂದೆ. ಎರಡು ವಾರ ಹಾರಾಡಿದೆ. ತಂಗಿಯ ಗಂಡನಿಗೆ ಕೈಯನ್ನೂ ಬೀಸಿದೆ. ಆಮೇಲೆ ನೀಲಿ ಹೊಗೆ ಕಾರಿ ನಿಂತ ಕಾರು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ವಿರುಪಣ್ಣನವರ ಬಾಗಿಲಿಗೇ ಬಂತು.

ಆ ದಿನ ಅವರು ಮೊದಲು ನಲ್ಲಿಯ ಕಡೆ ಹೋಗಲಿಲ್ಲ. ಗಾಳಿಯ ಕೊಳವೆ ಬಿಚ್ಚಿ ಒಂದೇ ಬೆರಳು ತೂರಿಸಿದರು. ಟರ್ಬೊದ ಮುರಿದ ರೆಕ್ಕೆಗಳ ನಡುವಿನಿಂದ ಎಣ್ಣೆ ಮೆತ್ತಿದ ಹೊಟ್ಟು ಬಂತು. ಎಡಹೊಳ್ಳೆ ಏರಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ನೀವಾಗಿದ್ರ ಯಾವುದು ಹಾಕ್ತಿದ್ರಿ?" ಎಂದು ಕೇಳಿದೆ, ಬೇರೇನೂ ತೋಚದೆ.

"ಟರ್ಬೊನಽ ಹಾಕ್ತಿದ್ದೆ," ಎಂದರು. "ಇನ್ನ ಮೂರಽ ತಿಂಗಳಿದ್ದುವಲ್ರಿ ಶೆಟ್ರ."

ಹಾಗೆಂದು ನಲ್ಲಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದರು. ಕಾರು ಮುಟ್ಟಿದ ಮೇಲೆ ಅವರು ಕೈ ತೊಳೆದದ್ದನ್ನು ನಾನು ಕಂಡದ್ದು ಅದೊಂದೇ ಸಲ. ತಿರುಗಿ ನನ್ನ ಕಾರಿನ ಕಡೆ ಬರಲಿಲ್ಲ.

ಎಂಜಿನ್ ಬೇರೆಡೆ ಬಿಚ್ಚಿಸಿ ಮತ್ತೆ ಕಟ್ಟಿಸಿದೆ, ಟರ್ಬೊ ಇಲ್ಲದೆ. ಹೊಸ ಡಬ್ಬಿ ಕೂಡಿಸಿ, ಎಣಿಸಿ ಆರು ತಿಂಗಳು ಸ್ವಚ್ಛ ಇಟ್ಟೆ. ತೋರಿಸಲು ಹೋದಾಗ ಅವರು ತೀರಿಕೊಂಡು ಹದಿನೈದು ದಿನವಾಗಿತ್ತು. ನಲ್ಲಿಯ ಕಲ್ಲಿನ ಮೇಲೆ ಸಾಬೂನು ಒಣಗಿ ಬಿರುಕು ಬಿಟ್ಟಿತ್ತು.