ಬಿಚ್ಚದ ಥಾನು

ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಯನ್ನು ನಮ್ಮ ಜನ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಅಕ್ಕನೂ ಹಾಗೇ ಅನ್ನುತ್ತಿದ್ದಳು. ಮಗಳ ಕೊರಳಿನಲ್ಲಿ ಎದ್ದ ಗಡ್ಡೆ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಅವಳ ಬಾಯಲ್ಲಿ ಅದೊಂದೇ ಮಾತು. ವಾರ್ಡಿನ ಪಕ್ಕದ ಹಾಸಿಗೆಯ ಹುಡುಗಿ ಕರೆಂಟ್ ಕೊಟ್ಟ ಮೇಲೆ ಎದ್ದು ಓಡಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

“ಔಷಧದಾಗ ಏನೈತಿ, ಬರೇ ವಾಂತಿ. ಕರೆಂಟ್ ಕೊಟ್ರ ನಮ್ಮಾಕಿನೂ ಏಳ್ತಾಳ,” ಎನ್ನುತ್ತಿದ್ದಳು.

ಅದನ್ನು ಕೊಡಬಾರದು ಎಂದು ಮೊದಲು ಬಾಯಿ ಬಿಟ್ಟವಳು ನಾನು.

ಅಕ್ಕನ ಮಗಳು ನಡೆಯಲು ಕಲಿತದ್ದೇ ತಡವಾಗಿ. ಕಲಿತ ಮೇಲೂ ತೂರಾಡುತ್ತಿದ್ದಳು. ಮಾತು ಎಳೆದೆಳೆದು ಬರುತ್ತಿತ್ತು. ‘ಚಿಗವ್ವಾ’ ಎಂದು ಕರೆದು ಮುಗಿಸುವಷ್ಟರಲ್ಲಿ ನಾನು ಅಡುಗೆಮನೆಯಿಂದ ಬಂದು ಎದುರಿಗೆ ನಿಂತಿರುತ್ತಿದ್ದೆ. ಕಣ್ಣಿನ ಬಿಳಿಯಲ್ಲಿ ಕೆಂಪು ನರಗಳು ಮೂಡಿದ್ದವು. ಕೂಕಟ್‌ಪಲ್ಲಿಯ ಅಕ್ಕನ ಫ್ಲಾಟಿಗೆ ಬಂದ ನೆಂಟರೆಲ್ಲ ದೃಷ್ಟಿ ತೆಗೆದು, ಚಹಾ ಕುಡಿದು ಹೋದರು. ಅಕ್ಕನನ್ನು ಕೊಟ್ಟದ್ದು ನಮ್ಮ ಸೋದರಮಾವನಿಗೇ. ‘ನಮ್ಮ ಕೂಸು ನಮ್ಮ ಮನ್ಯಾಗ ಇರಲಿ’ ಎಂದು ಅವ್ವ ಮುಂದೆ ನಿಂತು ತನ್ನ ತಮ್ಮನಿಗೆ ಮಾಡಿಕೊಟ್ಟ ಮದುವೆ. ಹಿಂದಿನವರಲ್ಲಿ ಯಾರಲ್ಲೋ ಇದ್ದ ಒಂದು ಕೆಟ್ಟ ಜೀನು ತಂದೆಯಿಂದಲೂ ತಾಯಿಯಿಂದಲೂ ಆ ಮಗುವಿಗೇ ಬಂದು ಸೇರಿತು. ಈಗಲೂ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಕೆಲಸ ಇಂಥದ್ದೇ. ಜೀವಂತ ಕೋಶಗಳಿಗೆ ಲೇಸರಿನಿಂದ ಗಾಯ ಮಾಡಿ, ಅವು ಹೇಗೆ ಮಾಯುತ್ತವೆ ಎಂದು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಕೋಶದೊಳಗಿನ ಡಿಎನ್‌ಎ ಸಡಿಲವಾಗಿ ಬಿದ್ದಿರುವುದಿಲ್ಲ. ಪ್ರೋಟೀನುಗಳಿಗೆ ಸುತ್ತಿಕೊಂಡು, ಮತ್ತೆ ಮಡಚಿಕೊಂಡು ಕೂತಿರುತ್ತದೆ. ಆ ಸುರುಳಿಗೆ ಕ್ರೊಮ್ಯಾಟಿನ್ ಎಂದು ಹೆಸರು. ಅಕ್ಕನಿಗೆ ಇದನ್ನು ಹೇಳಿದ್ದು ಸುಲ್ತಾನ್ ಬಜಾರಿನಲ್ಲಿದ್ದ ಮಾವನ ಬಟ್ಟೆ ಅಂಗಡಿಯ ಹೋಲಿಕೆಯಲ್ಲಿ. ಥಾನು ಎಂದರೆ ಸುತ್ತಿಟ್ಟ ಇಡೀ ಬಟ್ಟೆ; ಅದರ ಒಳಸುತ್ತಿನಲ್ಲಿ ಹರಿದರೆ ರಫೂ ಹಾಕುವವನು ಮೊದಲು ಥಾನು ಬಿಚ್ಚಬೇಕು. ಹೊಲಿದಾದ ಮೇಲೆ ಮತ್ತೆ ಸುತ್ತಿಡಬೇಕು. ಕೋಶವೂ ಅದನ್ನೇ ಮಾಡುತ್ತದೆ. ಗಾಯವಾದ ಜಾಗದಲ್ಲಿ ಸುರುಳಿ ಸಡಿಲವಾಗುತ್ತದೆ, ರಿಪೇರಿಯ ಪ್ರೋಟೀನುಗಳು ಒಳಗೆ ಬರುತ್ತವೆ, ಕೆಲಸ ಮುಗಿದ ಮೇಲೆ ಸುರುಳಿ ಮತ್ತೆ ಬಿಗಿಯಾಗುತ್ತದೆ.

ತೂರಾಟ, ಕಣ್ಣಿನ ಕೆಂಪು ನರ, ಈಗ ಕ್ಯಾನ್ಸರ್, ಮೂರನ್ನೂ ಸೇರಿಸಿ ನೋಡಿದಾಗ, ಈ ಹುಡುಗಿಯ ಮೈಯಲ್ಲಿ ‘ಬಿಚ್ಚು’ ಎಂದು ಹೇಳುವ ಪ್ರೋಟೀನೇ ಇಲ್ಲವೇನೋ ಎಂಬ ಅನುಮಾನ ನನಗೆ ಬಂತು. ಹಾಗಿದ್ದರೆ ಕರೆಂಟ್ ಎಂದರೆ ಕೊಲೆಯೇ. ಅದು ಮೈಯಲ್ಲಿ ಮಾಡುವ ಗಾಯಗಳು ಮಾಯುವುದೇ ಇಲ್ಲ. ಡಾಕ್ಟರಿಗೆ ಹೇಳಿದೆ. ಅವರು ಜೀನಿನ ಪರೀಕ್ಷೆಗೆ ರಕ್ತ ಕಳಿಸಿದರು. ಅಕ್ಕನ ಒಪ್ಪಿಗೆ ಪಡೆದು, ಚರ್ಮದ ಒಂದು ಚೂರನ್ನು ನಮ್ಮ ಲ್ಯಾಬಿಗೂ ಕೊಟ್ಟರು. ಅದರಿಂದ ಕೋಶ ಬೆಳೆಸಿದೆ. ಹೋಲಿಸಿ ನೋಡಲು ಪಕ್ಕದಲ್ಲಿ ನನ್ನವೇ ಕೋಶಗಳನ್ನಿಟ್ಟೆ. ಲೇಸರ್ ತಾಗಿದಲ್ಲಿ ಹೊಳೆಯುವ ಗೆರೆ ಮೂಡುವಂತೆ ಬಣ್ಣ ಹಾಕಿರುತ್ತೇವೆ. ಸುರುಳಿ ಸಡಿಲವಾದರೆ ಗೆರೆ ಅಗಲವಾಗುತ್ತದೆ. ನನ್ನ ಕೋಶಗಳಲ್ಲಿ ಗೆರೆ ನೋಡುನೋಡುತ್ತಲೇ ಅಗಲವಾಯಿತು. ಅವಳದರಲ್ಲಿ, ಬಿಗಿಯಾಗಿ ಸುತ್ತಿದ ಜಾಗಗಳಲ್ಲಿ, ಹೇಗಿತ್ತೋ ಹಾಗೇ ಉಳಿಯಿತು. ಜೀನಿನ ಪರೀಕ್ಷೆಯೂ ಅದನ್ನೇ ಹೇಳಿತು.

ಕರೆಂಟ್ ಬಿಟ್ಟರು. ಔಷಧವೂ ಕೋಶಗಳಿಗೆ ಗಾಯ ಮಾಡುವಂಥದ್ದೇ ಎಂದು ಅದನ್ನೂ ಕಡಿಮೆ ಮಾಡಿ ಕೊಟ್ಟರು. ಗಡ್ಡೆ ಮಾತ್ರ ಯಾರ ಮಾತೂ ಕೇಳಲಿಲ್ಲ. ಬೇಸಿಗೆ ಶುರುವಾಗುವ ಮೊದಲೇ ಹುಡುಗಿ ಹೋದಳು.

ಮಣ್ಣು ಮಾಡಿ ಬಂದು ಎಲ್ಲರೂ ಕೂತಿದ್ದಾಗ ಅವ್ವ ಅಂದಳು, “ಕರೆಂಟ್ ಕೊಟ್ಟಿದ್ರ ಕೂಸು ಉಳೀತಿತ್ತು. ಈಕಿ ಭಾಳ ಶಾಣ್ಯಾಕಿ, ಬ್ಯಾಡ ಅಂದ್ಲು.”

ಅವ್ವನ ಮಾತಿಗಿಂತ ಅಕ್ಕನ ಮೌನ ನನಗೆ ಹೆಚ್ಚು ನೋವು ಮಾಡಿತು. ‘ಇಲ್ಲ’ ಎಂದು ಅವಳೊಂದು ಮಾತು ಅನ್ನಬಹುದಿತ್ತು. ಗೋಡೆಯ ಕಡೆ ನೋಡುತ್ತ ಕೂತಳು. ಆಮೇಲೆ ತಿಂಗಳುಗಟ್ಟಲೆ ನನ್ನ ಫೋನ್ ಎತ್ತಲಿಲ್ಲ.

ಒಂದು ಮಧ್ಯಾಹ್ನ ಲ್ಯಾಬಿನ ಗೇಟಿನಿಂದ ಕರೆ ಬಂತು. ಹೋಗಿ ನೋಡಿದರೆ ಅಕ್ಕ. ಮೆಟ್ರೋ ಇಳಿದು ಬಿಸಿಲಲ್ಲಿ ನಡೆದು ಬಂದಿದ್ದಳು. ಎಷ್ಟೋ ಇಳಿದುಹೋಗಿದ್ದಳು.

“ಆಕಿ ಚರ್ಮ ಇನ್ನೂ ನಿನ್ನ ಹತ್ರ ಐತೇನು?”

“ಐತಿ. ಬೆಳಿಯಾಕತ್ತೈತಿ.”

“ಅಂದ್ರ ಜೀವಂತ ಐತಿ?”

“ಹೂಂ.”

“ತೋರಿಸು. ಅವ್ವ ಅಂದದ್ದು ಖರೆನೋ, ನೀ ಅಂದದ್ದು ಖರೆನೋ, ನಾನ ನೋಡ್ತೀನಿ.”

ಕತ್ತಲೆ ಕೋಣೆಯಲ್ಲಿ ಪರದೆಯ ಮುಂದೆ ಕೂರಿಸಿದೆ. ಮೊದಲು ನನ್ನ ಕೋಶಕ್ಕೆ ಲೇಸರ್ ಹಾಯಿಸಿದೆ. ಗೆರೆ ಮೂಡಿತು, ಅಗಲವಾಯಿತು. “ಇದು ಬಿಚ್ಚಿತು ನೋಡು,” ಎಂದೆ. ಆಮೇಲೆ ಅವಳ ಮಗಳದನ್ನು ಇಟ್ಟೆ. ಬಟನ್ ಒತ್ತಲು ನನಗೆ ಮನಸ್ಸು ಬರಲಿಲ್ಲ. ಅಷ್ಟು ದಿನ ಎಷ್ಟೋ ಸಲ ಒತ್ತಿದ್ದೆ, ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒತ್ತಿರಲಿಲ್ಲ. “ಆಕಿಗೆ ನೋವಾಗಂಗಿಲ್ಲಲ?” ಎಂದು ಕೇಳಿದಳು. ಆಗುವುದಿಲ್ಲ ಎಂದೆ. “ಹಚ್ಚು ಹಂಗಾರ,” ಎಂದಳು.

ಗೆರೆ ಮೂಡಿತು. ಅಕ್ಕ ಪರದೆಗೆ ಮುಖ ಹತ್ತಿರ ತಂದಳು. ಗೆರೆ ಕೂದಲೆಳೆಯಂತೆ ಇದ್ದಲ್ಲೇ ಇತ್ತು. ಹೊತ್ತು ಹೋಯಿತು, ಏನೂ ಆಗಲಿಲ್ಲ.

“ನೀ ಅಂದದ್ದು ಖರೆ,” ಎಂದಳು ಕೊನೆಗೆ, ನನ್ನ ಕಡೆ ನೋಡದೆ.

ಎಷ್ಟೋ ತಿಂಗಳಿಂದ ಕಾದಿದ್ದ ಮಾತು. ಕೇಳಿ ನನಗೆ ಒಂದಿಷ್ಟೂ ಸಮಾಧಾನವಾಗಲಿಲ್ಲ. ಪರದೆ ಆರಿಸಲು ಕೈ ಚಾಚಿದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು.

“ತಡಿಯೇ. ಆಕಿ ಎಲ್ಲಾದಕ್ಕೂ ತಡಾನ ಅಲ್ಲೇನು? ಇನ್ನ ಸ್ವಲ್ಪ ನೋಡೂಣು.”

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.