ತಾಯ್ನುಡಿ ಬಿಡಿಸಿದ ರಾಮಲಿಂಗಂ

ಬೆಳಗ್ಗೆ ಎದ್ದು, ಉಕ್ಕಿ ಸುರಿದಿದ್ದ ಇಡ್ಲಿ ಹಿಟ್ಟು ಒರೆಸಿದೆ. ಕುಡಿಯುವ ನೀರು ಹಿಡಿದಿಟ್ಟೆ (ಕೋಯಮತ್ತೂರು ಸಿಂಗಾನಲ್ಲೂರಿನ ನಮ್ಮ ಬೀದಿಯಲ್ಲಿ ಅದು ಬಂದ ಹೊತ್ತೇ ಹಬ್ಬ). ಸಿಲಿಂಡರ್ ಬುಕ್ ಮಾಡಿದೆ. ಗಂಡನ ಅಂಗಿಗೆ ಗುಂಡಿ ಹೊಲಿದೆ. ಪಕ್ಕದ ಮನೆಯ ಕಳ್ಳಸಾಗಣೆ ಆರೋಪಿಗೆ ಆರತಿ ಎತ್ತಿದೆ. ನುಗ್ಗೆಕಾಯಿ ಹೆಚ್ಚಿದೆ.

ಹೌದು, ಸರಿಯಾಗಿಯೇ ಓದಿದಿರಿ.

ಆರೋಪಿಯ ಹೆಸರು ರಾಮಲಿಂಗಂ. ತಲೆಮಾರುಗಳಿಂದ ಇಲ್ಲೇ ಮಗ್ಗ ಹಾಕಿಕೊಂಡು, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಎಂದು ಬದುಕಿದ ಕುಟುಂಬ. ಈಗ ಸೀರೆ ವ್ಯಾಪಾರ. ಶಾರ್ಜಾದಿಂದ ವಾಪಸು ಬರುವಾಗ ಯಾರೋ ಪರಿಚಯದವರು 'ಊರಿಗೆ ತಲುಪಿಸಿಬಿಡಿ' ಎಂದು ಕೊಟ್ಟ ಮಿಕ್ಸಿಯ ಮೋಟಾರಿನೊಳಗೆ ಚಿನ್ನ ಸಿಕ್ಕಿತು. ತನಗೇನೂ ಗೊತ್ತಿರಲಿಲ್ಲ ಎನ್ನುತ್ತಾನೆ. ನಿಜವೋ ಸುಳ್ಳೋ, ಕೋರ್ಟು ಹೇಳಲಿ.

ಜಾಮೀನು ಸಿಕ್ಕಿತು, ಮನೆಗೆ ಬಂದ. ಒಂದು ದಿನ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದವನನ್ನು ಮತ್ತೆ ಕರೆದುಕೊಂಡು ಹೋದರು. ಈ ಸಲ ಮಾಡಿದ್ದಕ್ಕಲ್ಲ. ಮುಂದೆ ಮಾಡಬಹುದು ಅಂತ!

ಇದಕ್ಕೆ ಮುಂಜಾಗ್ರತಾ ಬಂಧನ ಎನ್ನುತ್ತಾರೆ. ಬೆಕ್ಕು ಹಾಲು ಕುಡಿದ ಮೇಲೆ ಬಡಿಯುವುದು ಒಂದು. ಕುಡಿದೀತು ಎಂದು ಮೊದಲೇ ಬುಟ್ಟಿ ಕವುಚಿ ಕೂರಿಸುವುದು ಇನ್ನೊಂದು. ವಿಚಾರಣೆ ಇಲ್ಲದೆ ಒಂದು ವರ್ಷದವರೆಗೂ ಬುಟ್ಟಿಯೊಳಗೆ ಇಡಬಹುದಂತೆ.

ಆವತ್ತಿನಿಂದ ಅವನ ಹೆಂಡತಿ ಸರೋಜ ತಲೆಗೆ ಹೂ ಮುಡಿಯಲಿಲ್ಲ. ಕೋಯಮತ್ತೂರಿನಲ್ಲಿ ಹೂ ಮುಡಿಯದ ಹೆಂಗಸನ್ನು ನೋಡುವುದು ಎಷ್ಟು ಕಷ್ಟ ಗೊತ್ತೇ?

ಚೆನ್ನೈ ಜೈಲಿನಲ್ಲಿ ಗಂಡನನ್ನು ನೋಡಿಕೊಂಡು ಬಂದವಳು ಒಂದು ಮಧ್ಯಾಹ್ನ ಕಾಗದದ ಕಟ್ಟು ಹಿಡಿದು ನಮ್ಮನೆಗೆ ಬಂದಳು. "ಅಕ್ಕಾ, ಇದು ನಿಮ್ಮೂರ ಎಳುತ್ತು. ಓದಿ ಹೇಳಿ." (ಎಳುತ್ತು ಎಂದರೆ ಅಕ್ಷರ. ನಾನು ಚಾಮರಾಜನಗರದಿಂದ ಬಂದ ಸೊಸೆ. ಈ ಬೀದಿಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಕಲಿತದ್ದು ಮಾತ್ರ ತಮಿಳು; ಕನ್ನಡ ಓದುವವಳು ನಾನೊಬ್ಬಳೇ.)

ಯಾಕೆ ಹಿಡಿದಿದ್ದೇವೆ ಎಂದು ಅಧಿಕಾರಿಗಳು ಬರೆದುಕೊಟ್ಟ ಕಾರಣಗಳು ಅವು. ಓದಿದೆ: "ಸದರಿ ಬಂಧಿತನು ಮೇಲ್ಕಾಣಿಸಿದ ನಿಷೇಧಿತ ಸರಕನ್ನು..."

"ಇದು ಯಾವ ಕನ್ನಡ ಅಕ್ಕಾ? ನಮ್ಮನೇಲಿ ಯಾರೂ ಹಿಂಗೆ ಮಾತಾಡಲ್ಲ."

"ಯಾರ ಮನೇಲೂ ಮಾತಾಡಲ್ಲ ಕಣೆ," ಎಂದೆ.

ತಮಿಳುನಾಡಿನಲ್ಲಿ ಕನ್ನಡದ ಕಾಗದ ಎಲ್ಲಿಂದ ಬಂತು? ಅಧಿಕಾರಿ "ತಾಯ್‌ಮೊಳಿ ಎನ್ನ?" (ತಾಯ್ನುಡಿ ಯಾವುದು?) ಎಂದು ಕೇಳಿದ್ದಾರೆ. ನಮ್ಮ ರಾಮಲಿಂಗಂ ಎದೆಯುಬ್ಬಿಸಿ "ಕನ್ನಡಂ!" ಎಂದಿದ್ದಾನೆ. ಇಲ್ಲಿನವರು ಬೇರೇನೂ ಹೇಳುವುದಿಲ್ಲ ಬಿಡಿ. ಪಾಪ, ಅಧಿಕಾರಿಗಳು ನಿಷ್ಠೆಯಿಂದ ಎಲ್ಲವನ್ನೂ ಅನುವಾದ ಮಾಡಿಸಿ ಕೊಟ್ಟಿದ್ದಾರೆ.

ನಮ್ಮನೆಯಿಂದಲೇ ಸರೋಜ ಗಂಡನ ಕೇಸು ನೋಡುತ್ತಿದ್ದ ವಕೀಲಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಅವರಿಗೆ ಕನ್ನಡ ಓದೋಕೆ ಬರುತ್ತಾ?" ವಕೀಲಮ್ಮ ತಮಿಳಿನಲ್ಲಿ ಕೇಳಿದರು.

"ಒಂದು ಎಳುತ್ತೂ ಬರಲ್ಲ ಮೇಡಂ. ನೋಡಿದರೆ ಜಿಲೇಬಿ ಮಾದಿರಿ ಇದೆ ಅಂತಾರೆ."

ವಕೀಲಮ್ಮ ಆ ಕಡೆಯಿಂದ ಕಿರುಚಿದರು: "ಹಾಗಾದರೆ ಜಿಲೇಬಿಯೇ ತಂದಿಟ್ಟುಕೊಳ್ಳಿ!"

ವಿಷಯ ಇಷ್ಟೇ. ಬುಟ್ಟಿ ಕವುಚುವ ಸರ್ಕಾರಕ್ಕೂ ಕಾನೂನು ಒಂದು ಗೆರೆ ಎಳೆದಿದೆ. ಯಾಕೆ ಕವುಚಿದೆ ಎಂದು ಒಳಗಿದ್ದವನಿಗೆ ತಿಳಿಯುವ ಹಾಗೆ ಹೇಳಬೇಕು. ತಿಳಿದರೆ ತಾನೇ ಅವನು 'ಇಲ್ಲ ಸ್ವಾಮಿ, ಹೀಗಲ್ಲ' ಎಂದು ಉತ್ತರ ಕೊಡುವುದು? ಹೈಕೋರ್ಟಿನಲ್ಲಿ ಸರ್ಕಾರಿ ವಕೀಲರು "ಅವನೇ ಕನ್ನಡ ಅಂದ" ಎಂದು ವಾದಿಸಿದರು. ತಾಯ್ನುಡಿ ಯಾವುದು ಎಂಬುದಲ್ಲ ಪ್ರಶ್ನೆ, ಅವನಿಗೆ ಓದಲು ಬರುತ್ತಿತ್ತೇ ಎಂಬುದು ಎಂದಿತು ಕೋರ್ಟು. ಬಂಧನದ ಆದೇಶ ರದ್ದು!

ಮಿಕ್ಸಿಯ ಕೇಸು ಹಾಗೇ ಇದೆ, ನಡೆಯುತ್ತದೆ, ನಡೆಯಲಿ. ಚಿನ್ನ ಹಾರಿಕೊಂಡು ಬರಲಿಲ್ಲವಲ್ಲ. ಆದರೆ ಆ ಕೇಸಿನಲ್ಲಿ ಅವನಿಗೆ ಬಾಯಿದೆ. ಬುಟ್ಟಿಯೊಳಗೆ ಇರಲಿಲ್ಲ.

ನನಗೆ ನಗು ತಡೆಯಲಾಗದ್ದು ಬೇರೆ. 'ತಮಿಳು' ಎಂದಿದ್ದರೆ ಅಚ್ಚುಕಟ್ಟಾಗಿ ತಮಿಳಿನಲ್ಲಿ ಕೊಡುತ್ತಿದ್ದರು, ಈ ಪುಣ್ಯಾತ್ಮ ಪೂರ್ತಿ ಓದಿ ಒಳಗೇ ಇರುತ್ತಿದ್ದ. ಓದಲು ಬಾರದ ಭಾಷೆಯ ಮೇಲಿನ ಅಭಿಮಾನ ಯಾರನ್ನಾದರೂ ಜೈಲಿನಿಂದ ಬಿಡಿಸಿದ್ದುಂಟೇ?

ಇವತ್ತು ಆರತಿ ಆದ ಮೇಲೆ ನಮ್ಮೆಲ್ಲರ ಊಟ ಅವರ ಮನೆಯಲ್ಲೇ. ಸರೋಜನ ಜಡೆ ಕಾಣದಷ್ಟು ಮಲ್ಲಿಗೆ. ಮೂರನೇ ಸಲ ಬಡಿಸಿಕೊಳ್ಳುವಾಗ ರಾಮಲಿಂಗಂ ಅಂದ, "ಅಕ್ಕಾ, ನನಗೆ ನಾಲ್ಕು ಎಳುತ್ತು ಕಲಿಸಿ. ನಮ್ಮ ಭಾಷೆ ನಮಗೇ ಓದೋಕೆ ಬರಲ್ಲ ಅಂದ್ರೆ ವೆಟ್ಕ, ನಾಚಿಕೆ ಆಗುತ್ತೆ."

ಸರೋಜ ಸೌಟು ಹಿಡಿದೇ ಓಡಿಬಂದಳು. "ಅಕ್ಕಾ, ಕಲಿಸಿದ್ರೆ ನೋಡಿ!" ಎಂದವಳು ಗಂಡನತ್ತ ತಿರುಗಿದಳು. "ಏನಂಗ, ನಿಮಗೆ ಬುದ್ಧಿ ಇದೆಯಾ? ಓದೋಕೆ ಬಂದ್ರೆ ಮತ್ತೆ ಹಿಡ್ಕೊಂಡು ಹೋಗ್ತಾರೆ!"

"ಅದಕ್ಕೆ ಹೆದರಿ ಮೂಢನಾಗೇ ಇರ್ಲಾ?"

"ಇರಿ. ಮನೇಲಿ ಇರಿ."

ಅಕ್ಕಿ-ಬೇಳೆ ಅನ್ನಕ್ಕೆ ತುಪ್ಪ, ಸುಟ್ಟ ಹಪ್ಪಳ, ನನ್ನ ನುಗ್ಗೆಕಾಯಿ ಪಲ್ಯ, ಕೊನೆಗೆ ವಕೀಲಮ್ಮನ ಮಾತಿನಂತೆ ಜಿಲೇಬಿ. ಸರೋಜ ಪಾತ್ರೆ ತೊಳೆಯಲು ಹೋದಾಗ ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ನಾನು ಕದ್ದು ಅ, ಆ ಬರೆದೆ. ಇ ಬರೆಯುವಷ್ಟರಲ್ಲಿ ವಿದ್ಯಾರ್ಥಿ ಗೋಡೆಗೊರಗಿ ಗೊರಕೆ. ಉಂಡವರಲ್ಲಿ ಮೊದಲು ಮಲಗಿದವನು ಅವನೇ.

ನಾನು ಎಬ್ಬಿಸಲಿಲ್ಲ. ಮಿಕ್ಸಿ ಕೇಸು ಮುಗಿಯುವವರೆಗೆ ಎರಡಕ್ಷರ ಸಾಕಲ್ಲವೇ?