ಬಿಚ್ಚದ ಖಣಗಳ ಪರದೆ

ಮರಾಠಿ ಸೀಮೆಯ ಧನಕವಡಿಯಲ್ಲಿರುವ ನಮ್ಮ ಎರಡು ಕೋಣೆಯ ಮನೆಗೆ ಇರುವುದು ಒಂದೇ ದೊಡ್ಡ ಕಿಟಕಿ. ಅದು ಸರಿಯಾಗಿ ಎದುರಿನ ಕಟ್ಟಡದ ಒಬ್ಬ ಹಿರಿಯರ ಬಚ್ಚಲಮನೆಗೆ ಮುಖ ಮಾಡಿದೆ. ಅವರು ಸ್ನಾನ ಮಾಡುತ್ತಾ ಭಜನೆ ಹಾಡುತ್ತಾರೆ. ಹಾಡು ಚೆನ್ನಾಗಿಯೇ ಇರುತ್ತದೆ, ನೋಟದ ಮಾತು ಬೇಡ. ಹಾಗಾಗಿ ಮೂರು ವರ್ಷ ಆ ಗಾಜಿಗೆ ಮರಾಠಿ ಪೇಪರು ಅಂಟಿಸಿದ್ದೆವು. ನಾನು ಮರಾಠಿ ಓದಲು ಕಲಿತದ್ದೇ ಆ ಕಿಟಕಿಯಿಂದ. ಜಗತ್ತಿನಲ್ಲಿ ಏನೇ ನಡೆಯಲಿ, ನಮ್ಮ ಮನೆಯಲ್ಲಿ ಮಾತ್ರ ಮೂರು ವರ್ಷವೂ ಅದೇ ಟೊಮೆಟೊ ದರ, ಅದೇ ‘ವಧು ಬೇಕಾಗಿದ್ದಾಳೆ’ ಜಾಹೀರಾತು.

ನನ್ನ ಗಂಡನ ಅಕ್ಕ ಸಾಸವಡದಲ್ಲಿದ್ದಾರೆ. ಮೊದಲ ಸಲ ಬಂದಾಗ ಬಾಗಿಲಲ್ಲೇ ನಿಂತು, "ಏನವಾ, ಕಿರಾಣಿ ಅಂಗಡಿಯಂವ ಪುಡಿಕಿ ಕಟ್ಟಿದ್ಹಾಂಗ ಮನಿ ಕಟ್ಟಿಟ್ಟೀಯಲ್ಲ" ಅಂದಿದ್ದರು. ನನಗೇನೂ ಬೇಸರವಾಗಲಿಲ್ಲ. ಅವರ ನಾಲಿಗೆ ಖಾರ, ಕೈ ಮಾತ್ರ ಧಾರಾಳ. ಬಂದಾಗಲೆಲ್ಲ ಚೀಲದಲ್ಲಿ ಸೀತಾಫಲ, ಶೇಂಗಾ, ಜೊತೆಗೆ ಒಂದಿಷ್ಟು ಬೈಗುಳ ತರುತ್ತಿದ್ದರು. ಅಂಥವರು ಒಂದು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ತಪ್ಪು ನನ್ನದೇ. ಅದಕ್ಕೆ ಕಾರಣ ಒಂದು ಖಣ.

ಖಣವೆಂದರೆ ರವಿಕೆಯ ಬಟ್ಟೆ. ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬುವಾಗ ಅಕ್ಕಿ, ಕಾಯಿಯ ಜೊತೆ ಅದನ್ನೂ ಇಡಬೇಕು. ಹಾಗೆ ಬಂದ ಖಣವನ್ನು ಹೊಲಿಸುವುದುಂಟೆ? ಆ ಬಣ್ಣದ ಸೀರೆ ಯಾರ ಹತ್ತಿರ ಇರುತ್ತದೆ? ಟ್ರಂಕಿಗೆ ಹೋಗುತ್ತದೆ, ಮುಂದಿನ ಹಬ್ಬಕ್ಕೆ ಇನ್ನೊಬ್ಬಳ ಉಡಿಗೆ ಹೋಗುತ್ತದೆ. ಇದಕ್ಕೆ ಇರುವ ನಿಯಮ ಒಂದೇ: ಪ್ಲಾಸ್ಟಿಕ್ ಕವರು ಬಿಚ್ಚಬಾರದು. ಬಿಚ್ಚಿದರೆ ಮಡಿಕೆ ಕೆಡುತ್ತದೆ, ಮಡಿಕೆ ಕೆಟ್ಟ ಖಣ ಮತ್ತೆ ದಾನಕ್ಕೆ ಬರುವುದಿಲ್ಲ. ಹೀಗಾಗಿ ಊರ ಖಣಗಳೆಲ್ಲ ಯಾವ ಹೆಂಗಸಿನ ಬೆನ್ನನ್ನೂ ಕಾಣದೆ ಮನೆಯಿಂದ ಮನೆಗೆ ಯಾತ್ರೆ ಮಾಡುತ್ತಿರುತ್ತವೆ.

ನಮ್ಮವ್ವ ಇದರಲ್ಲಿ ಬಹಳ ಚುರುಕು. ತಾನು ಕೊಡುವ ಪ್ರತಿ ಖಣದ ಒಳಮೂಲೆಗೆ, ಕವರಿಗೆ ಹಾಕುವ ಮೊದಲೇ, ಕೆಂಪು ದಾರದ ಒಂದು ಗಂಟು ಹಾಕುತ್ತಿದ್ದಳು. ಯಾಕವ್ವ ಅಂದರೆ, "ತಿರುಗಿ ನಮ್ಮ ಮನೀಗೆ ಬಂದ್ರ ಗುರ್ತ ಸಿಗಲಿ" ಅನ್ನುತ್ತಿದ್ದಳು. ಬಂದ ಖಣಗಳಲ್ಲಿ ಮಡಿಕೆ ಕೆಡದ ಹಾಗೆ ಕವರಿನೊಳಗೆ ಬೆರಳು ತೂರಿಸಿ ಹುಡುಕುತ್ತಿದ್ದಳು, ಎರಡು ಸಲ ಸಿಕ್ಕದ್ದೂ ಉಂಟು. ಆಗ ಅವ್ವನ ಮುಖದಲ್ಲಿ ಕಳ್ಳನನ್ನು ಹಿಡಿದ ಪೊಲೀಸನ ಸಂತೋಷ. ಅವ್ವ ಈಗಿಲ್ಲ. ನನ್ನ ಮದುವೆಯಾದ ಎರಡನೆಯ ವರ್ಷ ಹೋದಳು.

ಕಳೆದ ಸಂಕ್ರಾಂತಿಗೆ ನಾನು ಮೊದಲ ಸಲ ಅರಿಶಿನ ಕುಂಕುಮ ಇಟ್ಟುಕೊಂಡಿದ್ದೆ. ಅಕ್ಕ ಬಂದರು, ಉಡಿ ತುಂಬಿದೆ. ಟ್ರಂಕಿನಿಂದ ಕೈಗೆ ಸಿಕ್ಕ ಖಣ ತೆಗೆದು ಇಟ್ಟೆ. ಅಕ್ಕ ಅದನ್ನೇ ದಿಟ್ಟಿಸಿ ನೋಡಿದರು, ನನ್ನ ಮುಖ ನೋಡಿದರು, ಚೀಲದೊಳಗೆ ಹಾಕಿಕೊಂಡು ಎದ್ದುಬಿಟ್ಟರು. ತಟ್ಟೆಯಲ್ಲಿದ್ದ ಉಸಳಿ ಮುಟ್ಟಲಿಲ್ಲ. ಅವರು ಹೋದ ಮೇಲೆ ನನ್ನ ಗಂಡ ತಲೆಯ ಮೇಲೆ ಕೈಹೊತ್ತು, "ಅದು ಹ್ವಾದ ದಸರಾಕ್ಕ ಅಕ್ಕನ ನಿನಗ ಉಡಿ ತುಂಬಿದ್ದ ಖಣ! ಆಕೀದ ಆಕೀಗೆ ಕೊಟ್ಟೆಲ್ಲ!" ಅಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾವಿರುವುದು ಎರಡನೆಯ ಮಹಡಿ, ಅದೂ ಆಗುವ ಹಾಗಿರಲಿಲ್ಲ.

ಫೋನು ಮಾಡಿದರೆ ಅಕ್ಕ ತಮ್ಮನ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದರು. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ನನಗೆ ತವರು ಅನ್ನುವುದು ಉಳಿದಿದ್ದರೆ ಅವರ ಚೀಲದಲ್ಲೇ ಉಳಿದಿತ್ತು. ಅದೂ ಹೋಯಿತಲ್ಲ ಎಂದು ಸೀತಾಫಲದ ಕಾಲದಲ್ಲಿ ಒಬ್ಬಳೇ ಕೂತು ಅತ್ತೆ.

ಈ ಸಂಕ್ರಾಂತಿ ಹತ್ತಿರ ಬಂದಾಗ ನಿಶ್ಚಯ ಮಾಡಿದೆ. ನನ್ನ ಮನೆಯಿಂದ ಇನ್ನು ಯಾರ ಖಣವೂ ಯಾರ ಉಡಿಗೂ ಹೋಗಕೂಡದು. ಟ್ರಂಕಿನಲ್ಲಿದ್ದ ಅಷ್ಟೂ ಖಣಗಳ ಕವರು ಬಿಚ್ಚಿ, ನಮ್ಮೂರಲ್ಲಿ ಕೌದಿ ಹೊಲಿಯುವ ಹಾಗೆ ತುಂಡಿಗೆ ತುಂಡು ಜೋಡಿಸಿ ಆ ಕಿಟಕಿಗೆ ಪರದೆ ಹೊಲಿದೆ. ಗಿಳಿಹಸಿರಿನ ಪಕ್ಕ ರಾಣಿ ಬಣ್ಣ, ಅದರ ಪಕ್ಕ ಅರಿಶಿನ, ಅದರ ಕೆಳಗೆ ಯಾರಿಗೂ ಬೇಡವಾದ ಇಟ್ಟಿಗೆ ಬಣ್ಣ. ತೂಗುಹಾಕಿದಾಗ ನನ್ನ ಗಂಡ ಕಣ್ಣು ಕಿರಿದು ಮಾಡಿ, "ಬ್ಯಾಂಡಿನವರು ಅಂಗಿ ಒಣಗಹಾಕಿದ್ಹಾಂಗ ಅದ" ಅಂದರು. ಖಡಕಿಯ ಸೇನಾ ಫ್ಯಾಕ್ಟರಿಯಲ್ಲಿ ದಿನವಿಡೀ ಖಾಕಿ ನೋಡುವ ಮನುಷ್ಯನಿಗೆ ಬಣ್ಣದ ಬಗ್ಗೆ ಏನು ಗೊತ್ತು?

ಬಂದವರಿಗೆ ಕೊಡುವ ವಾಣವನ್ನೂ ಕೈಯಿಂದಲೇ ಮಾಡಿದೆ. ಇಲ್ಲಿ ಸಂಕ್ರಾಂತಿಗೆ ಮನೆಗೆ ಬಂದ ಪ್ರತಿ ಹೆಂಗಸಿಗೂ ಏನಾದರೊಂದು ಬಳಕೆಯ ವಸ್ತು ಕೊಡುವುದು ಪದ್ಧತಿ. ಪಕ್ಕದ ಮನೆಯ ಮಂಗಳೂರಿನಾಕೆಯ ಗಂಡನಿಗೆ ಹೋಟೆಲಿದೆ. ಅಲ್ಲಿಂದ ಖಾಲಿ ಉಪ್ಪಿನಕಾಯಿ ಬರಣಿಗಳನ್ನು ತಂದು, ತೊಳೆದು, ಉಳಿದಿದ್ದ ಗೇಟಿನ ಬಣ್ಣ ಬಳಿದೆ. ಮೇಲಿನ ಮನೆಯ ಮರಾಠಿ ಕಾಕುವಿನ ಮನಿಪ್ಲಾಂಟ್ ಮೆಟ್ಟಿಲ ಮೇಲೆ ಇಳಿಬಿದ್ದಿತ್ತು, ಅದನ್ನು ಕತ್ತರಿಸಿ ಬರಣಿಗಳಲ್ಲಿ ನೆಟ್ಟೆ. ಕೈಯಿಂದ ಕಾಸು ಬಿಚ್ಚಲಿಲ್ಲ. ನನ್ನ ಜಾಣತನಕ್ಕೆ ನಾನೇ ಮಾರುಹೋದೆ.

ಕರೆಯಲು ಅಕ್ಕನಿಗೆ ಫೋನು ಮಾಡಿದವರು ಗಂಡ. ನಾನು ಅಡುಗೆಮನೆಯ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೆ.

"ಅಕ್ಕಾ, ಬಾರವಾ. ಇಕಿ ಟ್ರಂಕಿನ್ಯಾಗಿನ ಖಣಾ ಎಲ್ಲಾ ಬಿಚ್ಚಿ ಪರದೆ ಹೊಲದಾಳ."

ಫೋನಿನಲ್ಲಿ ಅಕ್ಕನ ದನಿ ನನಗೂ ಕೇಳಿಸಿತು. "ಎಲ್ಲಾ ಬಿಚ್ಚಿದಳಾ?"

"ಒಂದೂ ಬಿಟ್ಟಿಲ್ಲ."

"ಬರ್ತೀನಿ" ಅಂದರು.

ಆ ಸಂಜೆ ಮೊದಲು ಬಂದದ್ದು ಕಾಕು ಮತ್ತು ಮಂಗಳೂರಿನಾಕೆ. ಎಳ್ಳುಂಡೆ ಬಾಯಿಗೆ ಹಾಕಿಕೊಳ್ಳುತ್ತಲೇ ಕಾಕು ಪರದೆ ನೋಡಿದರು. ಬಾಯಿ ಅಲ್ಲಿಗೇ ನಿಂತಿತು. "ಅಗಬಾಯಿ! ಹಾ ತರ ಮೀ ದಿಲಾ ಹೋತಾ!" ಎಂದು ಗಿಳಿಹಸಿರಿನ ತುಂಡಿನ ಮೇಲೆ ಬೆರಳಿಟ್ಟರು. ಅದು ತಾವು ಕೊಟ್ಟ ಖಣವಂತೆ. ಅಕ್ಕನನ್ನು ಒಲಿಸಿಕೊಳ್ಳುವ ಭರದಲ್ಲಿ, ಯಾರ್ಯಾರು ಕೊಟ್ಟದ್ದನ್ನು ನಾನು ಹೊಲಿಸದೆ ಇಟ್ಟಿದ್ದೆನೋ ಅದನ್ನೆಲ್ಲ ಅವರ ಕಣ್ಣೆದುರೇ ತೂಗುಹಾಕಿದ್ದೆ. ಇಂಥ ಬುದ್ಧಿ ನನಗಲ್ಲದೆ ಇನ್ಯಾರಿಗೆ ಹೊಳೆಯಬೇಕು!

"ನೀವು ಕೊಟ್ಟದ್ದಾ?" ಮಂಗಳೂರಿನಾಕೆ ಮುಂದೆ ಬಂದಳು. "ಗೌರಿ ಹಬ್ಬಕ್ಕೆ ಅದನ್ನು ನಿಮಗೆ ಕೊಟ್ಟದ್ದು ನಾನಲ್ವಾ ಮಾರಾಯ್ರೆ?"

"ನಿನಗ ಯಾರು ಕೊಟ್ಟಿದ್ರು?" ನಾನು ಧೈರ್ಯ ಮಾಡಿ ಕೇಳಿದೆ.

ಅವಳು ಯೋಚಿಸಿದಳು. ಆಮೇಲೆ ಬೆರಳು ನಿಧಾನವಾಗಿ ನನ್ನ ಕಡೆ ತಿರುಗಿತು. "ನೀನೇ ಮಾರಾಯ್ತಿ!"

ನನಗೆ ಅದನ್ನು ಮೊದಲು ಕೊಟ್ಟವರು ಕಾಕು. ಒಂದೇ ಖಣ ಮೂರು ಮನೆಗಳನ್ನು ಸುತ್ತಿ ಬಂದಿತ್ತು! ಅದನ್ನು ಮರಾಠಿಯಲ್ಲಿ ಬಿಡಿಸಿ ಹೇಳಿದ ಮೇಲೆ ಕಾಕು ನಕ್ಕು ನಕ್ಕು ಗೋಡೆ ಹಿಡಿದರು. ಅಷ್ಟರಲ್ಲಿ ನಾನು ವಾಣ ಕೊಟ್ಟೆ. ಕಾಕು ಗಿಡ ನೋಡಿದರು, ಮಂಗಳೂರಿನಾಕೆ ಬರಣಿ ಮೂಸಿದಳು. "ಇದರಲ್ಲಿ ನಮ್ಮ ಮಿಡಿ ಉಪ್ಪಿನಕಾಯಿ ಇತ್ತು" ಅಂದಳು. ಇನ್ನೊಮ್ಮೆ ನಗೆ. ಬಾಗಿಲ ಕಡೆ ನೋಡಿದರೆ, ಇಲ್ಲಿನ ಸಂಕ್ರಾಂತಿಯ ಪದ್ಧತಿಯಂತೆ ಕಪ್ಪು ಸೀರೆ ಉಟ್ಟು, ಕಂಕುಳಲ್ಲಿ ಚೀಲ ಹಿಡಿದು ಅಕ್ಕ ನಿಂತಿದ್ದರು.

ಅಕ್ಕ ನೇರವಾಗಿ ಪರದೆಯ ಹತ್ತಿರ ಹೋಗಿ ಒಂದೊಂದೇ ತುಂಡನ್ನು ತಿರುಗಿಸಿ ನೋಡಿದರು. ನಾನು ಕಾಲಿಗೆ ಬೀಳುವುದೊಂದು ಬಾಕಿ.

"ಅಕ್ಕಾ, ತಪ್ಪಾತ್ರಿ. ನಿಮ್ದ ನಿಮಗ ಕೊಟ್ಟೆ. ಬೇಕಂತ ಮಾಡಿಲ್ರಿ."

"ನನ್ನದು ನನಗ ಕೊಟ್ಟಿದ್ರ ನಾ ಯಾಕ ಸಿಟ್ಟಾಗಲವಾ? ನಾನೂ ಊರ ಮಂದಿಗೆಲ್ಲ ಹಂಗ ಕೊಡ್ತೀನಿ." ಚೀಲದಿಂದ ಒಂದು ಕವರು ತೆಗೆದು, ಸರ್ರನೆ ಹರಿದು, ಖಣ ಬಿಚ್ಚಿ ನನ್ನ ಕೈಯಲ್ಲಿಟ್ಟರು. "ಇದು ನಂದಲ್ಲ. ಮೂಲಿ ನೋಡು."

ನೇರಳೆ ಬಣ್ಣದ ಗುಳೇದಗುಡ್ಡದ ಖಣ. ಒಳಮೂಲೆಯಲ್ಲಿ ಕೆಂಪು ದಾರದ ಗಂಟು.

"ನಿನ್ನ ಮದಿವ್ಯಾಗ ನಿಮ್ಮವ್ವ ನನ್ನ ಉಡಿ ತುಂಬಿದ್ದು. ಗಂಟಿನ ಮಾತೂ ಆಗ ಆಕೀನ ಹೇಳಿದ್ಲು. ಆಕಿ ಹ್ವಾದ ಮ್ಯಾಲ, ಇದು ನನ್ನ ಹತ್ರ ಇರೂದಕಿಂತ ಮಗಳ ಹತ್ರ ಇರ್ಲಿ ಅಂತ ನಿನಗ ಕೊಟ್ಟೆ. ಬಿಚ್ಚಿ ನೋಡ್ತಿ, ಗುರ್ತ ಹಿಡೀತಿ, ನಾಕ ಹನಿ ಅಳತಿ, ನನಗ ಫೋನ್ ಮಾಡತಿ ಅಂತ ಕಾದೆ. ನೀ ಕವರ ಸುದ್ದಾ ಬಿಚ್ಚದ ನನ್ನ ಉಡಿಗೆ ಹಾಕಿದಿ."

ಅಳುವುದಕ್ಕೆ ಅವರು ಹೇಳಿದ ನಾಲ್ಕು ಹನಿ ಸಾಲಲಿಲ್ಲ. ಕಾಕುವಿಗೆ ನಮ್ಮ ಮಾತು ತಿಳಿಯದೆ, ನಾನು ಗಿಳಿಹಸಿರು ಖಣಕ್ಕೇ ಅಳುತ್ತಿದ್ದೇನೆ ಎಂದುಕೊಂಡು ನನ್ನ ಬಾಯಿಗೆ ಎರಡು ಎಳ್ಳುಂಡೆ ತುರುಕಿದರು. ಬಾಯಿ ತುಂಬ ಎಳ್ಳು ಇಟ್ಟುಕೊಂಡು ಅಳುವುದು ಸುಲಭವಲ್ಲ.

"ಈಗರ ಹೊಲಿಸ್ಕೊ" ಅಂದರು ಅಕ್ಕ.

"ಅಕ್ಕಾ, ಅವ್ವನ ಕಾಲದ ಮೈ ಅಲ್ರಿ ಈಗ ನಂದು. ಇದು ಮುಂದಿಂದಕ್ಕಷ್ಟ ಸಾಕಾಗ್ತದ."

ಒಂದು ವರ್ಷದ ಮೇಲೆ ಅಕ್ಕ ನಕ್ಕರು. ಕೂತರು, ಉಸಳಿ ಎರಡು ಸಲ ಹಾಕಿಸಿಕೊಂಡರು, ಪೇಪರಿಗಿಂತ ಪರದೆಯೇ ಕೆಟ್ಟದಾಗಿದೆ ಎಂದು ಬೈದರು.

ಈಗ ನನ್ನ ಹತ್ತಿರ ಒಂದು ರವಿಕೆಯಿದೆ. ಮುಂಭಾಗ ಅವ್ವನ ನೇರಳೆ. ಬೆನ್ನಿಗೆ, ಪರದೆಯಿಂದಲೇ ಬಿಚ್ಚಿದ ಗಿಳಿಹಸಿರು. ಆ ಜಾಗದಲ್ಲಿ ಪರದೆಗೆ ಒಂದು ಕಿಂಡಿಯಾಗಿದೆ, ಭಜನೆಯವರ ತಲೆ ಅಷ್ಟೇ ಕಾಣುತ್ತದೆ. ಟೇಲರು ಕತ್ತರಿ ಹಿಡಿದು, ಮೂಲೆಯ ಆ ಗಂಟನ್ನು ತೆಗೆಯಲೇ ಎಂದು ಕೇಳಿದ್ದ. ಬೇಡ ಅಂದೆ. ಕೂತಾಗ ಅದು ಪಕ್ಕೆಗೆ ಚುಚ್ಚುತ್ತದೆ. ಚುಚ್ಚಲಿ. ತಿರುಗಿ ನಮ್ಮ ಮನೆಗೆ ಬಂದರೆ ಗುರುತು ಸಿಗಲಿ ಎಂದೇ ಅವ್ವ ಹಾಕಿದ ಗಂಟು ಅದು.